ಬಂಜರು ಅಲೆಗಳ ಒಕ್ಕಲು

ಸಿರುಗುಪ್ಪಕ್ಕೆ ಸಮೀಪದಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಕೆಂಚನಗುಡ್ಡದ ಜನಕ್ಕೆ ಸುದ್ದಿಯ ಬೆಲೆ ಏನೆಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಂಗಾಧರೇಶ್ವರನ ಗುಡಿ, ವಸುಧೇಂದ್ರತೀರ್ಥರ ವೃಂದಾವನ, ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ಹಸುರಾದ ಭತ್ತದ ಗದ್ದೆಗಳು, ಇವೆಲ್ಲವೂ ಹೊಳೆಯ ಕೊಡುಗೆ. ಹೊಳೆ ಮುನಿದಾಗ ಮೊದಲು ಅಪಾಯಕ್ಕೆ ಸಿಕ್ಕುವವೂ ಇವೇ. ಹೊಸಪೇಟೆಯ ಅಣೆಕಟ್ಟಿನ ಮೂವತ್ತಮೂರು ಗೇಟುಗಳಿಂದ ಹೊರಟ ನೀರು ಕಂಪ್ಲಿಯ ಸೇತುವೆಯನ್ನು ದಾಟಿ ಇಲ್ಲಿಗೆ ಮುಟ್ಟಲು ಹಲವು ಗಂಟೆಗಳು ಹಿಡಿಯುತ್ತವೆ. ಆ ಗಂಟೆಗಳೊಳಗೆ ಸುದ್ದಿ ಬಂದರೆ ದನಕರು ಉಳಿಯುತ್ತವೆ, ಪಂಪುಸೆಟ್ಟು ಉಳಿಯುತ್ತದೆ, ಮನುಷ್ಯರು ಉಳಿಯುತ್ತಾರೆ. ಸುದ್ದಿ ನೀರಿನ ಹಿಂದೆ ಬಂದರೆ ಅದು ಸುದ್ದಿಯಲ್ಲ, ಸಂತಾಪ. ೨೦೦೯ರ ಅಕ್ಟೋಬರ್ ೨ರಂದು ಕೆಳಗಣ ಮಂತ್ರಾಲಯವೂ ಕರ್ನೂಲೂ ಮುಳುಗಿದ ಮಹಾಪೂರದಲ್ಲಿ ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳೂ ನೀರಿಗೆ ಸಿಕ್ಕವು. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಮೊಬೈಲುಗಳು ಮಾತನಾಡುತ್ತಿದ್ದವು. ಎಚ್ಚರಿಕೆ ಹೊಳೆಸಾಲಿಗೆ ನೀರಿಗಿಂತ ಮೊದಲು ತಲುಪಿತು. ಆದರೆ ಮೊಬೈಲಿನ ಗೋಪುರಗಳೇ ಮೂಕವಾದ ದಿನ ಏನು?

ಈ ಪ್ರಶ್ನೆಗೆ ಹೊಂದಿಕೊಂಡಿರುವ ಒಂದು ಹವ್ಯಾಸದ ಚರಿತ್ರೆಯನ್ನು ಕುರಿತು ನಾನು ಇಂದು ಮಾತನಾಡಬೇಕೆಂದಿದ್ದೇನೆ. ಅದು ಹವ್ಯಾಸಿ ಬಾನುಲಿ. ಜನರ ಬಾಯಲ್ಲಿ ಹ್ಯಾಮ್ ರೇಡಿಯೋ. ತನ್ನ ಮನೆಯ ಮೂಲೆಯಲ್ಲಿ ಒಂದು ಪ್ರಸಾರಕವನ್ನೂ ಒಂದು ಗ್ರಾಹಕವನ್ನೂ ಇಟ್ಟುಕೊಂಡು, ಸರ್ಕಾರದ ಪರವಾನಗಿ ಪಡೆದು, ಹಣದ ಆಸೆಯಿಲ್ಲದೆ, ಕಾಣದ ಊರಿನ ಕಾಣದ ಮನುಷ್ಯರೊಡನೆ ಮಾತನಾಡುವುದು ಈ ಹವ್ಯಾಸ. ಕೈಯೊಳಗಿನ ಮೊಬೈಲು ಲೋಕದ ಯಾವ ಮೂಲೆಯನ್ನಾದರೂ ಕ್ಷಣದಲ್ಲಿ ಮುಟ್ಟಿಸುವಾಗ ಈ ತಂತಿ, ಈ ಗಲಾಟೆ, ಈ ಪರೀಕ್ಷೆ ಏತಕ್ಕೆ ಎಂದು ಕೇಳುವವರು ಬಹಳ. ಕೇಳುವುದು ನ್ಯಾಯವೇ. ಆದರೆ ಹವ್ಯಾಸಿಗಳು ದೂರದವರೊಡನೆ ಮಾತನಾಡುವುದಕ್ಕಾಗಿ ಈ ಕೆಲಸಕ್ಕೆ ಇಳಿದರು ಎಂದುಕೊಳ್ಳುವುದರಲ್ಲೇ ತಪ್ಪು ತಿಳಿವಳಿಕೆಯಿದೆ. ಮಾತಿಗೆ ಅಂಚೆಯಿತ್ತು, ತಂತಿಯಿತ್ತು. ಅವರನ್ನು ಸೆಳೆದದ್ದು, ಉತ್ತರ ಬರುತ್ತದೆಂಬ ಭರವಸೆಯಿಲ್ಲದೆ ಕೂಗಿ, ಉತ್ತರ ಬಂದಾಗ ಆಗುವ ಬೆರಗು. ಹವ್ಯಾಸಿಯ ಮೊದಲ ಕರೆ ಸಿಕ್ಯೂ ಎಂಬ ಎರಡು ಅಕ್ಷರ. ಅದರ ಅರ್ಥ ಇಷ್ಟೆ: ಕೇಳುತ್ತಿರುವವರು ಯಾರಾದರೂ ಇದ್ದೀರಾ?

ಹ್ಯಾಮ್ ಎಂಬ ಹೆಸರೇ ಒಂದು ಬೈಗಳು. ತಂತಿ ಕಚೇರಿಗಳ ನುರಿತ ನೌಕರರು ಒಡ್ಡೊಡ್ಡಾಗಿ ಗುಂಡಿ ಒತ್ತುವವನನ್ನು ಹೀಗೆ ಹಳಿಯುತ್ತಿದ್ದರು. ಬೈಸಿಕೊಂಡವರು ಅದನ್ನೇ ಬಿರುದೆಂದು ಧರಿಸಿಕೊಂಡರು. ನಮ್ಮಲ್ಲಿ ಎಷ್ಟೋ ಮನೆತನಗಳ ಅಡ್ಡಹೆಸರುಗಳೂ ಹೀಗೆ ಹುಟ್ಟಿದವೇ ಅಲ್ಲವೆ?

ಇವರಿಗೆ ದೊರೆತ ಜಾಗವೂ ಅಂಥದೇ. ೧೯೧೨ರಲ್ಲಿ ಅಮೆರಿಕದ ಸರ್ಕಾರ ನಿಸ್ತಂತು ಅಲೆಗಳನ್ನು ಹಂಚಿಕೊಡುವ ಒಂದು ಶಾಸನವನ್ನು ಮಾಡಿತು. ಉದ್ದದ ಅಲೆಗಳು ದೂರ ಹೋಗುತ್ತವೆ, ಗಿಡ್ಡ ಅಲೆಗಳು ಊರಾಚೆ ದಾಟುವುದಿಲ್ಲ ಎಂಬುದು ಅಂದಿನ ಪಂಡಿತರ ನಂಬಿಕೆ. ಆದ್ದರಿಂದ ಬೆಲೆಯುಳ್ಳ ಉದ್ದದ ಅಲೆಗಳನ್ನು ಹಡಗುಗಳಿಗೂ ಸೈನ್ಯಕ್ಕೂ ಕಂಪೆನಿಗಳಿಗೂ ಕೊಟ್ಟು, ೨೦೦ ಮೀಟರು ಮತ್ತು ಅದಕ್ಕಿಂತ ಗಿಡ್ಡವಾದ ಅಲೆಗಳನ್ನು ಹವ್ಯಾಸಿಗಳ ಪಾಲಿಗೆ ಬಿಟ್ಟರು. ಕಾಲುವೆಯ ನೀರು ಏರದ ಮಡ್ಡಿಯನ್ನು ದಾಯಾದಿಗೆ ಕೊಟ್ಟು ಪಾಲು ತೀರಿತು ಎಂದು ಕೈತೊಳೆದುಕೊಂಡ ಹಾಗೆ. ನಮ್ಮ ಸೀಮೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಮಡ್ಡಿಯಲ್ಲಿ ಅವರು ಬೆಳೆದ ಬೆಳೆಯನ್ನು ನೋಡಿ. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಲಿಯೋ ದೆಲ್ವಾ ಎಂಬ ಹವ್ಯಾಸಿ ಸುಮಾರು ನೂರು ಮೀಟರಿನ ಅಲೆಯಲ್ಲಿ ಅಮೆರಿಕದ ಫ್ರೆಡ್ ಶ್ನೆಲ್ ಮತ್ತು ಜಾನ್ ರೈನಾರ್ಟ್ಸ್ ಎಂಬಿಬ್ಬರು ಹವ್ಯಾಸಿಗಳೊಡನೆ ಮಾತುಕತೆ ನಡೆಸಿದ. ಅಟ್ಲಾಂಟಿಕ್ ಸಾಗರದ ಎರಡು ದಡಗಳ ಹವ್ಯಾಸಿಗಳು ಪರಸ್ಪರ ಪ್ರಶ್ನೋತ್ತರ ನಡೆಸಿದ್ದು ಅದೇ ಮೊದಲು. ದೊಡ್ಡ ಕಂಪೆನಿಗಳು ಮುಗಿಲೆತ್ತರದ ಕಂಬಗಳಿಂದ ಮಾಡುತ್ತಿದ್ದುದನ್ನು ಇವರು ಮನೆಯ ಹಿತ್ತಿಲಿನ ತಂತಿಯಿಂದ ಮಾಡಿದ್ದರು. ಗಿಡ್ಡ ಅಲೆ ನೆಲದ ಮೇಲೆ ತೆವಳುವುದಿಲ್ಲ. ಅದು ಮೇಲಕ್ಕೆ ಹೋಗಿ, ಸೂರ್ಯನ ಕಿರಣಗಳು ವಿದ್ಯುತ್ಕಣಗಳಾಗಿ ಒಡೆದಿರುವ ವಾಯುಪದರದಿಂದ ಬಾಗಿ, ಸಾವಿರಾರು ಮೈಲಿಗಳಾಚೆ ಇಳಿಯುತ್ತದೆ. ಪಂಡಿತರು ಹೀನವೆಂದು ಬಿಟ್ಟುಕೊಟ್ಟ ಅಲೆಗಳೇ ಭೂಮಂಡಲವನ್ನು ಸುತ್ತಬಲ್ಲವು ಎಂದು ತಿಳಿದಕೂಡಲೇ ಸರ್ಕಾರಗಳೂ ಕಂಪೆನಿಗಳೂ ಹಿಂದಿರುಗಿ ಬಂದು ತಮಗೂ ಅಲ್ಲಿ ಪಾಲು ಬೇಕೆಂದವು. ಹದವಾದ ಹೊಲಕ್ಕೆ ಮೇಲೆ ಬಿದ್ದು ಬರುವವರ ಕಥೆ ಲೋಕದಲ್ಲಿ ಒಂದೇ ತರಹ. ಹವ್ಯಾಸಿಗಳಿಗೆ ಉಳಿದದ್ದು ಕೆಲವು ತೆಳು ಪಟ್ಟಿಗಳು. ಅವುಗಳಲ್ಲೇ ಇಂದಿಗೂ ಬಾಳುತ್ತಿದ್ದಾರೆ.

ಇದರ ಮರುವರ್ಷದ ಒಂದು ಪ್ರಸಂಗ ನಮ್ಮ ದೇಶಕ್ಕೆ ಹತ್ತಿರವಾದದ್ದು. ೧೯೨೪ರ ಅಕ್ಟೋಬರ್ ೧೮ರಂದು ನ್ಯೂಜಿಲೆಂಡಿನ ಶ್ಯಾಗ್ ಕಣಿವೆಯ ಕುರಿ ಸಾಕಣೆಯ ಎಸ್ಟೇಟಿನಿಂದ ಫ್ರಾಂಕ್ ಬೆಲ್ ಎಂಬಾತ ಕರೆ ಕಳುಹಿಸಿದ. ಲಂಡನ್ನಿನ ಮಿಲ್ ಹಿಲ್ ಶಾಲೆಯಿಂದ ಹದಿನೆಂಟು ವರ್ಷದ ವಿದ್ಯಾರ್ಥಿಯೊಬ್ಬ ಉತ್ತರ ಕೊಟ್ಟ. ಭೂಗೋಲದ ಹೆಚ್ಚುಕಡಿಮೆ ಎರಡು ತುದಿಗಳು ಅಂದು ಮಾತನಾಡಿದವು. ಆ ಹುಡುಗನ ಹೆಸರು ಸೆಸಿಲ್ ಗಾಯ್ಡರ್. ಹನ್ನೆರಡು ವರ್ಷಗಳ ಅನಂತರ, ೧೯೩೬ರಲ್ಲಿ, ಅದೇ ಗಾಯ್ಡರ್ ದಿಲ್ಲಿಗೆ ಬಂದು ಆಲ್ ಇಂಡಿಯಾ ರೇಡಿಯೋದ ಮುಖ್ಯ ಇಂಜಿನಿಯರ್ ಆದ. ಹತ್ತು ವರ್ಷ ಆ ಹುದ್ದೆಯಲ್ಲಿದ್ದ. ಇಷ್ಟು ವಿಶಾಲವಾದ ದೇಶವನ್ನು ಮಧ್ಯಮ ತರಂಗದ ನಿಲಯಗಳಿಂದ ತುಂಬಲು ಹಣವಿರಲಿಲ್ಲ. ಕಿರುತರಂಗದಿಂದ ದೇಶದ ಉದ್ದಗಲಕ್ಕೆ ದನಿಯನ್ನು ಹರಡಬಹುದೆಂಬ ಯೋಜನೆ ಅವನ ಕಾಲದಲ್ಲಿ ಕೈಗೂಡಿತು. ಶಾಲೆಯ ಕೋಣೆಯಲ್ಲಿ ಬಂಜರು ಅಲೆಯ ಬೇಸಾಯ ಕಲಿತವನು ಆ ವಿದ್ಯೆಯನ್ನು ಇಲ್ಲಿ ಬಿತ್ತಿದ. ಬಳ್ಳಾರಿಯಂಥ ಒಳನಾಡಿನಲ್ಲಿ ವಾಲ್ವ್ ರೇಡಿಯೋದ ಮುಳ್ಳನ್ನು ತಿರುಗಿಸಿ ದೂರದ ನಿಲಯಗಳನ್ನು ಹಿಡಿಯುತ್ತಿದ್ದ ಹಿರಿಯರಿಗೆ ಆ ಹುಡುಗನ ಋಣವಿತ್ತೆಂದು ತಿಳಿದಿರಲಾರದು. ಬೆಲ್‌ನ ಕಥೆಗೂ ಒಂದು ಬಾಲವುಂಟು: ಅವನ ತರುವಾಯ ಆ ನಿಲಯವನ್ನು ನಡೆಸಿದವಳು ಅವನ ಅಕ್ಕ ಬ್ರೆಂಡಾ, ನ್ಯೂಜಿಲೆಂಡಿನ ಮೊದಲ ಮಹಿಳಾ ಹವ್ಯಾಸಿ ಅವಳೇ.

ನಮ್ಮ ದೇಶದ ಮೊದಲ ಹವ್ಯಾಸಿಯೆಂದು ಹೆಸರಾದವರು ಕಲ್ಕತ್ತೆಯ ಅಮರೇಂದ್ರಚಂದ್ರ ಗುಪ್ತು. ೧೯೨೧ರಲ್ಲಿ ಅವರಿಗೆ ಪರವಾನಗಿ ದೊರೆಯಿತು. ಅದೇ ವರ್ಷ ಮುಕುಲ್ ಬೋಸ್ ಎರಡನೆಯವರಾಗಿ ಜೊತೆಗೂಡಿದರು. ಒಬ್ಬನೇ ಹವ್ಯಾಸಿಯಿದ್ದರೆ ಕೂಗು ಮಾತ್ರ, ಇಬ್ಬರಾದಾಗಲೇ ಮಾತು. ನಮಗೆ ಇನ್ನೂ ಹತ್ತಿರದ ಸಂಗತಿ ಮದರಾಸಿನದು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು ೧೯೫೩ರ ಅಕ್ಟೋಬರ್ ೧ರಂದು. ಆ ಪ್ರಾಂತದ ರಾಜಧಾನಿಯಲ್ಲಿ ೧೯೨೪ರಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಅವರ ಗೆಳೆಯರು ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬನ್ನು ಕಟ್ಟಿ, ಜುಲೈ ೩೧ರಂದು ಪ್ರಸಾರ ಆರಂಭಿಸಿದರು. ಮೂರು ವರ್ಷಗಳಲ್ಲಿ ಹಣ ಮುಗಿಯಿತು, ಕ್ಲಬ್ಬು ಮುಚ್ಚಿತು. ಆದರೆ ಪ್ರಸಾರಕವನ್ನು ಗುಜರಿಗೆ ಹಾಕದೆ ನಗರಸಭೆಗೆ ಕೊಟ್ಟರು. ೧೯೩೦ರಲ್ಲಿ ನಗರಸಭೆ ಅದರಿಂದಲೇ ಪ್ರಸಾರವನ್ನು ಮತ್ತೆ ಎತ್ತಿ ನಿಲ್ಲಿಸಿತು.

ಮೈಸೂರಿನ ಕಥೆ ಕನ್ನಡಿಗರಿಗೆ ಗೊತ್ತಿರುವಂಥದೇ. ಆದರೂ ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಮೂವತ್ತು ವಾಟಿನ ಒಂದು ಪುಟ್ಟ ಪ್ರಸಾರಕದಿಂದ ನಿಲಯವೊಂದನ್ನು ಆರಂಭಿಸಿದರು. ಇಂದು ಒಂದು ಕೋಣೆಗೆ ಹಾಕುವ ದೀಪಕ್ಕೂ ಅಷ್ಟು ಶಕ್ತಿ ಹಿಂದೆ ಸಾಲುತ್ತಿರಲಿಲ್ಲ. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಕೆಲವು ವರ್ಷ ಸ್ವಂತ ದುಡ್ಡಿನಿಂದಲೂ ದಾನಿಗಳ ನೆರವಿನಿಂದಲೂ ಅದನ್ನು ನಡೆಸಿ, ೧೯೪೨ರಲ್ಲಿ ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ಆ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಗೋಪಾಲಸ್ವಾಮಿಯವರು ಹಾಡು, ಮಾತು, ನಾಟಕಗಳನ್ನು ಪ್ರಸಾರ ಮಾಡಿದವರು; ಹಿತ್ತಿಲಿನ ತಂತಿಯಿಂದ ಸಂಕೇತ ಕಳಿಸುವ ಹವ್ಯಾಸಿಯ ಗುಂಪಿಗೆ ಅವರನ್ನು ಸೇರಿಸಬಹುದೇ ಎಂದು ಕಟ್ಟುನಿಟ್ಟಿನವರು ಆಕ್ಷೇಪಿಸಿಯಾರು. ನನಗೆ ಆ ಗೆರೆ ಅಷ್ಟು ಮುಖ್ಯವೆನಿಸುವುದಿಲ್ಲ. ಯಾರೂ ಆಜ್ಞಾಪಿಸದೆ, ಲಾಭವನ್ನು ಎಣಿಸದೆ, ತನಗೆ ಸಂಬಂಧಿಸದ ಶಾಸ್ತ್ರದ ಒಂದು ಯಂತ್ರವನ್ನು ಮನೆಗೆ ತಂದು ಊರಿಗೆ ದನಿ ಕೊಟ್ಟವರನ್ನು ಹವ್ಯಾಸಿಯೆನ್ನದೆ ಬೇರೇನೆನ್ನೋಣ?

ಸರ್ಕಾರಗಳಿಗೆ ಮಾತ್ರ ಇಂಥ ಮನುಷ್ಯರ ಬಗ್ಗೆ ಯಾವತ್ತೂ ಎರಡು ಮನಸ್ಸು. ಮನೆಗೆ ಹಾಡು ಕೇಳುವ ರೇಡಿಯೋ ತಂದರೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕಾಗಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂಬತ್ತರ ದಶಕದ ನಡುವಿನವರೆಗೂ ಅದು ನಡೆಯಿತು. ಕೇಳುವವನಿಗೇ ಹೀಗಾದರೆ ಹೇಳುವವನ ಗತಿ? ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪರವಾನಗಿಗಳನ್ನೆಲ್ಲ ರದ್ದುಮಾಡಿ, ಪ್ರಸಾರಕಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಆಗ ದೇಶದಲ್ಲಿದ್ದ ಹವ್ಯಾಸಿಗಳು ಐವತ್ತಕ್ಕೂ ಕಡಮೆ. ಒಂದು ಮದುವೆಯ ಪಂಕ್ತಿಗೂ ಸಾಲದ ಇಷ್ಟು ಜನರಿಗೆ ಸಾಮ್ರಾಜ್ಯ ಹೆದರಿತು.

ಹೆದರಿದ್ದು ಸುಮ್ಮನೆ ಅಲ್ಲ. ಮುಂಬಯಿಯ ಹವ್ಯಾಸಿ ನರಿಮನ್ ಪ್ರಿಂಟರ್ ತನ್ನ ಸಾಮಗ್ರಿಯನ್ನು ಬಚ್ಚಿಟ್ಟಿದ್ದ. ೧೯೪೨ರ ಆಗಸ್ಟಿನಲ್ಲಿ ನಾಯಕರೆಲ್ಲ ಸೆರೆಮನೆ ಸೇರಿ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ, ಇಪ್ಪತ್ತೆರಡರ ತರುಣಿ ಉಷಾ ಮೆಹತಾ ಮತ್ತು ಆಕೆಯ ಜೊತೆಗಾರರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋವನ್ನು ನಡೆಸಿದರು. ಅದಕ್ಕೆ ಪ್ರಸಾರಕವನ್ನು ಜೋಡಿಸಿದ ಕೈಗಳಲ್ಲಿ ಪ್ರಿಂಟರನದೂ ಒಂದು. ಪೊಲೀಸರ ಕಣ್ಣು ತಪ್ಪಿಸಲು ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ ೪೨.೩೪ ಮೀಟರಿನಲ್ಲಿ ಆ ದನಿ ನವೆಂಬರ್ ೧೨ರವರೆಗೆ ಕೇಳಿಬಂತು. ಅಂದು ದಾಳಿಯಾಯಿತು. ಜಾಗವನ್ನು ಪೊಲೀಸರಿಗೆ ತೋರಿಸಿಕೊಟ್ಟವನು, ಅಷ್ಟರಲ್ಲಿ ಸೆರೆಸಿಕ್ಕಿದ್ದ ಅದೇ ಪ್ರಿಂಟರ್. ಉಷಾ ಮೆಹತಾ ನಾಲ್ಕು ವರ್ಷದ ಶಿಕ್ಷೆಗೆ ಗುರಿಯಾದರು. ಹವ್ಯಾಸಿಗಳ ಚರಿತ್ರೆಯನ್ನು ಹೊಗಳಿ ಬರೆಯುವವರು ಈ ಪುಟದ ಅರ್ಧವನ್ನು ಮಾತ್ರ ಓದುವುದು ವಾಡಿಕೆ. ಯಂತ್ರವನ್ನು ಕಟ್ಟುವ ಜಾಣ್ಮೆಯೂ ಪೊಲೀಸು ಠಾಣೆಯಲ್ಲಿ ಬಾಯಿ ಕಟ್ಟಿಕೊಳ್ಳುವ ಗಟ್ಟಿತನವೂ ಒಬ್ಬನಲ್ಲೇ ಇರಬೇಕೆಂಬ ನಿಯಮವೇನಿಲ್ಲ.

ಯುದ್ಧ ಮುಗಿದ ಮೇಲೆ ಪರವಾನಗಿಗಳು ಮರಳಿದವು. ಮಿಲಿಟರಿಯವರು ವಿಲೇವಾರಿ ಮಾಡಿದ ಸೆಟ್ಟುಗಳು ತೂಕದ ಲೆಕ್ಕದಲ್ಲಿ ಪೇಟೆಗೆ ಬಂದವು. ಎಷ್ಟೋ ಹವ್ಯಾಸಿಗಳ ಮೊದಲ ಪ್ರಸಾರಕ ಹುಟ್ಟಿದ್ದು ಆ ಗುಡ್ಡೆಗಳಿಂದ. ೧೯೪೮ರಲ್ಲಿ ಅಖಿಲ ಭಾರತ ಮಟ್ಟದ ಹವ್ಯಾಸಿಗಳ ಸಂಘ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಈ ಬಳ್ಳಿ ಹಬ್ಬಿದ್ದು ಹೆಚ್ಚಾಗಿ ಬೆಂಗಳೂರಿನಲ್ಲಿ. ೧೯೪೮ರಲ್ಲಿ ಐಟಿಐ, ೧೯೫೪ರಲ್ಲಿ ಬಿಇಎಲ್ ಬಂದ ಊರಿನಲ್ಲಿ ಬೆಸುಗೆಯ ಕಡ್ಡಿ ಹಿಡಿಯಬಲ್ಲವರಿಗೆ ಬರವಿರಲಿಲ್ಲ. ೧೯೫೯ರಲ್ಲಿ ಅಲ್ಲಿ ಹವ್ಯಾಸಿಗಳ ಕ್ಲಬ್ಬು ತಲೆಯೆತ್ತಿತು.

ಇನ್ನು ಈ ಹವ್ಯಾಸದ ಸುಖ ಎಂಥದು? ನಲವತ್ತು ಮೀಟರಿನ ಪಟ್ಟಿಗೆ ಬೇಕಾದ ತಂತಿಯ ಉದ್ದ ಸುಮಾರು ಇಪ್ಪತ್ತು ಮೀಟರು. ಮಾಳಿಗೆಯ ಕಂಬದಿಂದ ಬೇವಿನ ಮರಕ್ಕೆ ಅದನ್ನು ಎಳೆದು ಕಟ್ಟಿದರೆ ಆಯಿತು. ಹಗಲಿನಲ್ಲಿ ಬಳ್ಳಾರಿಯಿಂದ ಬೆಂಗಳೂರೋ ಹೈದರಾಬಾದೋ ಸಿಕ್ಕುತ್ತದೆ. ಹೊತ್ತು ಮುಳುಗಿದಂತೆ ಹತ್ತಿರದ ಊರುಗಳು ಮಸುಳಿ ದೂರದ ದೇಶಗಳು ಹತ್ತಿರವಾಗುತ್ತವೆ. ಸೂರ್ಯನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುವುದರೊಂದಿಗೆ ಈ ದಾರಿಗಳೂ ತೆರೆದು ಮುಚ್ಚುತ್ತವೆ. ನೆಲವನ್ನೂ ಮಳೆನಕ್ಷತ್ರವನ್ನೂ ನೋಡಿ ಬಿತ್ತುವ ಒಕ್ಕಲಿಗನಂತೆ ಹವ್ಯಾಸಿ ಆಕಾಶವನ್ನು ನೋಡಿ ಗುಂಡಿ ಒತ್ತುತ್ತಾನೆ. ಕೆಲವರು ಬೇಕೆಂದೇ ಐದು ವಾಟಿಗಿಂತ ಹೆಚ್ಚು ಶಕ್ತಿಯನ್ನು ಬಳಸುವುದಿಲ್ಲ. ಮಲಗುವ ಕೋಣೆಯ ಮಂಕುದೀಪದಷ್ಟು ಶಕ್ತಿಯಿಂದ ಸಮುದ್ರವನ್ನು ದಾಟಬೇಕೆಂಬುದು ಅವರ ಹಟ. ಮಾತುಕತೆಯಾದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಕಾರ್ಡು ಕಳಿಸಿ ಭೇಟಿಯನ್ನು ದೃಢಪಡಿಸುವ ಸಂಪ್ರದಾಯವಿದೆ. ಗಾಳಿಯಲ್ಲಿ ಆದ ಪರಿಚಯಕ್ಕೆ ಕಾಗದದ ಸಾಕ್ಷಿ! ರಾಜಕೀಯ, ವ್ಯಾಪಾರ, ಮತಧರ್ಮದ ಜಗಳಗಳನ್ನು ಅವರು ಅಲೆಯ ಮೇಲೆ ತರುವುದಿಲ್ಲ. ಹವೆ, ಯಂತ್ರ, ಊರಿನ ಹೆಸರು, ದನಿ ಎಷ್ಟು ಚೆನ್ನಾಗಿ ಬಂತು ಎಂಬಷ್ಟೇ ಮಾತು. ಹೊರಗಿನವರಿಗೆ ಇದು ಸಪ್ಪೆ. ಆದರೆ ಹೇಳಿದ ವಿಷಯಕ್ಕಿಂತ ಹೇಳಿದ್ದು ಮುಟ್ಟಿತು ಎಂಬುದೇ ಅಲ್ಲಿ ದೊಡ್ಡದು.

ಈ ಸಪ್ಪೆ ಮಾತಿನ ಅಭ್ಯಾಸವೇ ಕಷ್ಟಕಾಲದಲ್ಲಿ ಕೈಗೆ ಬರುವ ವಿದ್ಯೆ. ೧೯೯೯ರ ಒಡಿಶಾದ ಚಂಡಮಾರುತ, ೨೦೦೧ರ ಗುಜರಾತಿನ ಭೂಕಂಪ, ಎರಡರಲ್ಲೂ ತಂತಿ ದೂರವಾಣಿಗಳು ಸತ್ತ ಮೇಲೆ ಹವ್ಯಾಸಿಗಳು ದುಡಿದರು. ಇವುಗಳಿಗಿಂತ ಮನಸ್ಸಿಗೆ ಹೆಚ್ಚು ತಟ್ಟುವುದು ಅಂಡಮಾನಿನ ಘಟನೆ. ಬಹುಕಾಲ ಹವ್ಯಾಸಿಯ ದನಿಯಿಲ್ಲದ ಆ ದ್ವೀಪಗಳಿಂದ ಲೋಕದೊಡನೆ ಮಾತನಾಡಬೇಕೆಂದು ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದಲ್ಲಿ ಒಂದು ತಂಡ ೨೦೦೪ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರಿಗೆ ಹೋಗಿತ್ತು. ಹೋದದ್ದು ಶುದ್ಧ ಸಂತೋಷಕ್ಕೆ. ಅಪರೂಪದ ಜಾಗದಿಂದ ಮಾತನಾಡಿದವರ ಕಾರ್ಡನ್ನು ಸಂಗ್ರಹಿಸುವ ಲೋಕದ ಹವ್ಯಾಸಿಗಳಿಗೆ ಅದೊಂದು ಹಬ್ಬ. ಡಿಸೆಂಬರ್ ೨೬ರ ಬೆಳಗಿನ ಜಾವ ನೆಲ ನಡುಗಿತು, ಕಡಲು ಏರಿತು. ದ್ವೀಪಗಳಿಗೂ ಮುಖ್ಯ ಭೂಮಿಗೂ ಸಂಪರ್ಕ ಕಡಿದಿದ್ದಾಗ ಭಾರತಿಯವರು ಅದೇ ಪ್ರಸಾರಕವನ್ನು ಹಿಡಿದು, ಬದುಕಿರುವವರ ಸುದ್ದಿಯನ್ನು ಕಾತರದಿಂದ ಕಾದಿದ್ದ ಮನೆಗಳಿಗೆ ಮುಟ್ಟಿಸುತ್ತ ಕುಳಿತರು. ತಂಡದ ಕೆಲವರು ಕಾರ್ ನಿಕೋಬಾರಿಗೂ ಹೋಗಿ ನಿಲಯ ಹೂಡಿದರು. ಪರಿಹಾರಕ್ಕೆಂದು ಹೊರಟವರು ಆ ಹೊತ್ತಿಗೆ ಅಲ್ಲಿ ಇರುತ್ತಿರಲಿಲ್ಲ. ಸಂತೋಷಕ್ಕೆ ಹೋದವರು ಇದ್ದರು.

ಹೊಳೆಸಾಲಿನ ಊರುಗಳ ಬಗ್ಗೆ ಯೋಚಿಸುವಾಗ ನನಗೆ ಈ ಸಂಗತಿ ಮತ್ತೆ ಮತ್ತೆ ನೆನಪಾಗುತ್ತದೆ. ಪೂರ ಬಂದ ದಿನ ಜಿಲ್ಲಾ ಕಚೇರಿಯಿಂದ ಪೆಟ್ಟಿಗೆಯಲ್ಲಿ ಯಂತ್ರವನ್ನು ಕಳಿಸಬಹುದು. ಗದ್ದಲದ ನಡುವೆ ಕ್ಷೀಣವಾದ ದನಿಯನ್ನು ಹೆಕ್ಕಿ ತೆಗೆಯುವ ಕಿವಿಯನ್ನು ಕಳಿಸಲು ಬಾರದು. ಅದು ಹಲವು ರಾತ್ರಿಗಳ ನಿರುಪಯೋಗಿ ಆಟದಿಂದಲೇ ಬರಬೇಕು. ಸಿರುಗುಪ್ಪದಲ್ಲೋ ಕೆಂಚನಗುಡ್ಡದಲ್ಲೋ ಕಂಪ್ಲಿಯಲ್ಲೋ ಇಬ್ಬರು ವಿಜ್ಞಾನದ ಮೇಷ್ಟರುಗಳು ಪರೀಕ್ಷೆಗೆ ಕುಳಿತು ಪರವಾನಗಿ ಪಡೆದರೆ, ಶಾಲೆಯ ಮಾಳಿಗೆಯ ಮೇಲೆ ಒಂದು ತಂತಿ ಏರಿದರೆ, ಮಕ್ಕಳ ಕಿವಿ ತಾನಾಗಿ ಅಲ್ಲಿ ನೆಡುತ್ತದೆ. ಮಿಲ್ ಹಿಲ್ ಶಾಲೆಯಲ್ಲಿ ಆದದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ. ಕಾರ್ ಬ್ಯಾಟರಿಯಿಂದ ನಡೆಯುವ ಸಣ್ಣ ಸೆಟ್ಟಿಗೆ ಗೋಪುರವೂ ಬೇಡ, ಕರೆಂಟೂ ಬೇಡ.

ಹವ್ಯಾಸಿಗಳು ಭೂಮಿಗೆ ಮಾತ್ರ ಅಂಟಿಕೊಂಡವರಲ್ಲ. ಸ್ಪುಟ್ನಿಕ್ ಹಾರಿ ನಾಲ್ಕು ವರ್ಷ ಆಗುತ್ತಲೇ, ೧೯೬೧ರ ಡಿಸೆಂಬರ್ ೧೨ರಂದು, ಅಮೆರಿಕದ ಹವ್ಯಾಸಿಗಳು ತಾವೇ ಕಟ್ಟಿದ ಆಸ್ಕರ್ ಎಂಬ ಪುಟ್ಟ ಉಪಗ್ರಹ ದೊಡ್ಡ ರಾಕೆಟ್ಟಿನ ಮೂಲೆಯಲ್ಲಿ ಕುಳಿತು ಮೇಲೇರಿತು. ಅದು ಭೂಮಿಗೆ ಕಳಿಸಿದ ಸಂದೇಶ ಮಾರ್ಸ್ ಸಂಕೇತದ ಎರಡೇ ಅಕ್ಷರಗಳ ಒಂದು ನಗು. ನಮ್ಮ ಹ್ಯಾಮ್‌ಸ್ಯಾಟ್ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗಿ ೨೦೦೫ರ ಮೇ ೫ರಂದು ಶ್ರೀಹರಿಕೋಟೆಯಿಂದ ಹಾರಿತು. ೪೨.೫ ಕಿಲೋಗ್ರಾಂ ತೂಕದ ಅದರೊಳಗೆ ದನಿಯನ್ನು ಹಿಡಿದು ಮರಳಿಸುವ ಉಪಕರಣಗಳು ಎರಡು. ಒಂದು ಭಾರತದ್ದು, ಇನ್ನೊಂದು ಹಾಲೆಂಡಿನ ಹವ್ಯಾಸಿ ವಿದ್ಯಾರ್ಥಿಯೊಬ್ಬ ಮಾಡಿದ್ದು. ಎರಡು ವರ್ಷ ಬಾಳಿದರೆ ಸಾಕೆಂದುಕೊಂಡಿದ್ದ ಅದು ೨೦೧೪ರ ಜುಲೈವರೆಗೆ ದುಡಿಯಿತು.

ಕೊನೆಗೆ ಮಾರ್ಸ್ ಸಂಕೇತದ ವಿಷಯ ಒಂದು ಮಾತು. ೨೦೦೩ರ ಜಿನೀವಾ ಸಮ್ಮೇಳನದಲ್ಲಿ, ಹವ್ಯಾಸಿಗೆ ಅದು ಬರಲೇಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನು ತೆಗೆದುಹಾಕಿದರು. ಇನ್ನೇನು ಅದರ ಆಯುಸ್ಸು ಮುಗಿಯಿತು ಎಂದು ತಿಳಿದವರು ಅನೇಕರು. ೨೦೧೩ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆಯೇ ನಿಂತಿತು. ಸಾವಿನ ಸುದ್ದಿಯನ್ನೂ ನೌಕರಿಯ ಸುದ್ದಿಯನ್ನೂ ಹೊತ್ತು ತರುತ್ತಿದ್ದ ಆ ಕಟಕಟ ಸದ್ದು ಅಂಚೆ ಕಚೇರಿಗಳಿಂದ ಅದಕ್ಕೂ ಮೊದಲೇ ಮಾಯವಾಗಿತ್ತು. ಆದರೆ ಯಾರ ಒತ್ತಾಯವೂ ಇಲ್ಲದೆ ಅದನ್ನು ಕಲಿಯುವ ಹುಡುಗರೂ ಮುದುಕರೂ ಈಗಲೂ ಇದ್ದಾರೆ. ಮಾತು ಮುಟ್ಟದ ಕಡೆಗೆ ಆ ಸಂಕೇತ ಮುಟ್ಟುತ್ತದೆಂಬುದು ಅವರ ಅನುಭವ. ಅದನ್ನು ಕೇಳಬೇಕೆಂದರೆ ಊಟವಾದ ಮೇಲೆ ಕಿರುತರಂಗದ ಒಳ್ಳೆಯ ಗ್ರಾಹಕವೊಂದರ ಮುಳ್ಳನ್ನು ನಲವತ್ತು ಮೀಟರಿನ ಪಟ್ಟಿಯ ಕೆಳತುದಿಗೆ ಮೆಲ್ಲಗೆ ತಿರುಗಿಸಬೇಕು.